ಗೊತ್ತಿಲ್ಲ ಎನ್ನುವವರ ಹೊಣೆ



ಇವತ್ತಿನ ಉಪನ್ಯಾಸಕ್ಕೆ ಅಜ್ಞೇಯವಾದವನ್ನು ವಿಷಯವಾಗಿ ಆರಿಸಿಕೊಂಡಿದ್ದೇನೆ. ದೇವರಿದ್ದಾನೆ ಎನ್ನುವವರು ಆಸ್ತಿಕರು, ಇಲ್ಲ ಎನ್ನುವವರು ನಾಸ್ತಿಕರು ಎಂದು ನಾವು ರೂಢಿಯಲ್ಲಿ ಎರಡೇ ಪಂಗಡ ಮಾಡಿಕೊಂಡುಬಿಟ್ಟಿದ್ದೇವೆ. 'ನನಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ದಾರಿಯೂ ಕಾಣುತ್ತಿಲ್ಲ' ಎನ್ನುವವನಿಗೆ ಎರಡು ಕಡೆಯೂ ಮಣೆ ಹಾಕುವವರಿಲ್ಲ. ಪೂಜೆ ಮಾಡುವವರು ಅವನನ್ನು ಧೈರ್ಯ ಸಾಲದ ನಾಸ್ತಿಕ ಎನ್ನುತ್ತಾರೆ. ವಿಚಾರವಾದಿಗಳು ಅಡ್ಡಗೋಡೆಯ ಮೇಲೆ ದೀಪ ಇಟ್ಟವನು ಎನ್ನುತ್ತಾರೆ. ನಾನು ಈ ಮೂರನೆಯವರ ಪರವಾಗಿ ಮಾತಾಡಲು ಬಂದಿದ್ದೇನೆ, ನಾನೂ ಅವರಲ್ಲೊಬ್ಬ. ಅವರ ಪರವಾಗಿ ನಿಲ್ಲುವಾಗಲೇ ಅವರನ್ನು ಒಂದು ಮಾತು ಕೇಳಬೇಕಾಗಿದೆ. ತಿಳಿಯಲು ಸಾಧ್ಯವಿರುವುದನ್ನೆಲ್ಲ ತಿಳಿದುಕೊಳ್ಳುವ ಶ್ರಮ ಪಟ್ಟವನಿಗೆ ಮಾತ್ರ ಉಳಿದದ್ದರ ಬಗ್ಗೆ 'ಗೊತ್ತಿಲ್ಲ' ಎನ್ನುವ ಅಧಿಕಾರ ಬರುತ್ತದೆ. ಆ ಶ್ರಮವನ್ನು ನಾವು ಪಟ್ಟಿದ್ದೇವೆಯೆ?

ಕನ್ನಡ ನಾಡಿನಲ್ಲಿ ಈ ಶ್ರಮವನ್ನು ಎಲ್ಲರ ಕಣ್ಣೆದುರಿಗೇ ಮಾಡಿ ತೋರಿಸಿದವರು ಡಾ. ಎಚ್. ನರಸಿಂಹಯ್ಯನವರು. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದರು. ಓದಬೇಕೆಂಬ ಹಟಕ್ಕೆ ಬೆಂಗಳೂರಿಗೆ ನಡೆದುಕೊಂಡೇ ಬಂದರು. 1942ರ ಚಳವಳಿಯಲ್ಲಿ ಜೈಲಿಗೆ ಹೋದರು, ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು, ಮರಳಿ ಬಂದು ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ತಮ್ಮನ್ನು ಕೊಟ್ಟುಕೊಂಡರು. ಖಾದಿ ಬಟ್ಟೆ, ಹಾಸ್ಟೆಲಿನ ಒಂದು ಕೋಣೆ, ಮದುವೆಯಿಲ್ಲದ ಬದುಕು. ಒಬ್ಬ ಸನ್ಯಾಸಿಗೆ ಬೇಕಾದ ಶಿಸ್ತೆಲ್ಲ ಅವರಲ್ಲಿತ್ತು. ಪ್ರಶ್ನೆ ಮಾಡದೆ ಏನನ್ನೂ ಒಪ್ಪಿಕೊಳ್ಳಬೇಡಿ ಎಂಬುದು ಅವರು ವಿದ್ಯಾರ್ಥಿಗಳಿಗೆ ಬಿಡದೆ ಹೇಳುತ್ತಿದ್ದ ಮಾತು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಅವರು ಒಂದು ಸಮಿತಿ ರಚಿಸಿದರು. ಪವಾಡಗಳು ಮತ್ತು ಪರೀಕ್ಷೆಗೆ ಒಡ್ಡಬಹುದಾದ ಇತರ ಮೂಢನಂಬಿಕೆಗಳನ್ನು ತನಿಖೆ ಮಾಡುವುದು ಅದರ ಕೆಲಸ.

ಆ ಸಮಿತಿಯ ಮೇಲೆ ಎದ್ದ ಗದ್ದಲವನ್ನು ಹಿರಿಯರು ಮರೆತಿರಲಾರರು. ವಿಶ್ವವಿದ್ಯಾಲಯಕ್ಕೆ ಧರ್ಮದ ಉಸಾಬರಿ ಏಕೆ ಎಂದು ಕೇಳಿದವರು ಅನೇಕರು. ಆದರೆ ನರಸಿಂಹಯ್ಯನವರು ಎಳೆದ ಗೆರೆ ಎಲ್ಲಿತ್ತು ನೋಡಿ. ದೇವರಿದ್ದಾನೆಯೆ, ಸತ್ತ ಮೇಲೆ ಆತ್ಮ ಉಳಿಯುತ್ತದೆಯೆ ಎಂಬ ಪ್ರಶ್ನೆಗಳನ್ನು ಅವರು ಸಮಿತಿಯ ಮೇಜಿನ ಮೇಲೆ ಇಡಲಿಲ್ಲ. ಅವನ್ನು ಪರೀಕ್ಷಿಸುವ ಉಪಕರಣ ಯಾರ ಬಳಿಯೂ ಇಲ್ಲ. ಖಾಲಿ ಕೈಯಿಂದ ವಿಭೂತಿ ಬರುತ್ತದೆ, ಗಾಳಿಯಿಂದ ಉಂಗುರ ಬರುತ್ತದೆ ಎಂಬ ಮಾತು ಹಾಗಲ್ಲ. ಅದು ಈ ಲೋಕದಲ್ಲಿ, ಹಗಲು ಹೊತ್ತಿನಲ್ಲಿ, ಜನರ ಎದುರು ನಡೆಯುತ್ತದೆ ಎಂದು ಹೇಳಲಾದ ಘಟನೆ. ನಡೆಯುವುದಾದರೆ ನೋಡಬಹುದು, ತೂಗಬಹುದು, ತೋಳು ಮಡಿಸಿ ತೋರಿಸಿ ಎಂದು ಕೇಳಬಹುದು. ಏನೂ ಇಲ್ಲದ ಕಡೆಯಿಂದ ಒಂದು ಚಿಟಿಕೆ ಬೂದಿ ಹುಟ್ಟುವುದು ನಿಜವಾದರೆ ಭೌತವಿಜ್ಞಾನದ ಪುಸ್ತಕಗಳನ್ನೆಲ್ಲ ಹೊಸದಾಗಿ ಬರೆಯಬೇಕಾಗುತ್ತದೆ. ಭೌತವಿಜ್ಞಾನ ಕಲಿಸುವ ಮೇಷ್ಟರಿಗೆ ಅದು ಕಣ್ಣುಮುಚ್ಚಿ ಬಿಟ್ಟುಬಿಡುವ ಸಂಗತಿಯಲ್ಲ. ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ನರಸಿಂಹಯ್ಯನವರು ಬರೆದ ಪತ್ರಗಳು ಈ ಧಾಟಿಯವು: ಪರೀಕ್ಷೆಗೆ ಒಪ್ಪುವ ಪರಿಸ್ಥಿತಿಯಲ್ಲಿ ತಮ್ಮ ಶಕ್ತಿಯನ್ನು ತೋರಿಸಿಕೊಡಬೇಕು ಎಂಬ ಕೋರಿಕೆ. ಅವುಗಳಿಗೆ ಉತ್ತರ ಬರಲಿಲ್ಲ.

ಉತ್ತರ ಬಾರದಿದ್ದುದರಿಂದ ಏನು ಸಾಬೀತಾಯಿತು ಎಂದು ಭಕ್ತರು ಕೇಳಬಹುದು. ಪತ್ರಕ್ಕೆ ಉತ್ತರ ಬರಲಿಲ್ಲ ಎಂಬಷ್ಟೇ ಸಾಬೀತಾಯಿತು ಎಂದು ನಾನೂ ಒಪ್ಪುತ್ತೇನೆ. ಆದರೆ ಪರೀಕ್ಷೆಗೆ ದಾರಿಯಿದ್ದೂ ಆ ದಾರಿಯಲ್ಲಿ ಬಾರದ ಹೇಳಿಕೆಯನ್ನು ನಂಬುವ ಕರ್ತವ್ಯ ಯಾರಿಗೂ ಇಲ್ಲ. ಅಂಥ ಕಡೆ ಸಾಕ್ಷ್ಯ ಒದಗಿಸುವ ಭಾರ ಹೇಳಿಕೆ ಮಾಡಿದವರ ಮೇಲಿರುತ್ತದೆ, ಕೇಳಿಸಿಕೊಂಡವರ ಮೇಲಲ್ಲ.

ಪರೀಕ್ಷೆ ಎಂದರೆ ದೊಡ್ಡ ಪ್ರಯೋಗಾಲಯವೇ ಆಗಬೇಕೆಂದಿಲ್ಲ. 1995ರ ಸೆಪ್ಟೆಂಬರ್ 21 ನೆನಪಿದೆಯೆ? ಗಣಪತಿ ಹಾಲು ಕುಡಿಯುತ್ತಿದ್ದಾನೆ ಎಂಬ ಸುದ್ದಿ ದೆಹಲಿಯಿಂದ ಹೊರಟು ಫೋನಿನ ಮೇಲೆ ಫೋನಾಗಿ ಒಂದೇ ದಿನದಲ್ಲಿ ದೇಶವನ್ನೆಲ್ಲ ಸುತ್ತಿತು, ಹೊರದೇಶದ ದೇವಸ್ಥಾನಗಳಿಗೂ ಮುಟ್ಟಿತು. ತುಂಬಿದ ಚಮಚವನ್ನು ವಿಗ್ರಹದ ಸೊಂಡಿಲಿಗೋ ದಂತಕ್ಕೋ ತಾಗಿಸಿ ತುಸು ಬಾಗಿಸಿದರೆ ಹಾಲು ನಿಧಾನವಾಗಿ ಕಡಿಮೆಯಾಗುತ್ತಿತ್ತು. ಇದನ್ನು ಕಂಡವರು ಸುಳ್ಳು ಹೇಳುತ್ತಿರಲಿಲ್ಲ. ಚಮಚ ಖಾಲಿಯಾಗುತ್ತಿದ್ದುದು ನಿಜ. ಹಾಲು ಎಲ್ಲಿಗೆ ಹೋಯಿತು ಎಂಬುದೊಂದೇ ಪ್ರಶ್ನೆ. ಚಮಚದ ಅಂಚಿಗಿಂತ ಉಬ್ಬಿ ನಿಂತ ಹಾಲು ಕಲ್ಲನ್ನು ಮುಟ್ಟಿದ ಕೂಡಲೇ ಮೇಲ್ಮೈ ಎಳೆತದಿಂದ ಕಲ್ಲಿನ ಕಡೆಗೆ ಹರಿಯುತ್ತದೆ, ಆಮೇಲೆ ಒದ್ದೆಯಾದ ಮೈಮೇಲೆ ತೆಳ್ಳನೆಯ ಪೊರೆಯಾಗಿ ಕೆಳಗಿಳಿಯುತ್ತದೆ. ಬಿಳಿ ಅಮೃತಶಿಲೆಯ ಮೇಲೆ ಬಿಳಿ ಹಾಲಿನ ಪೊರೆ ಕಣ್ಣಿಗೆ ಬೀಳುವುದಾದರೂ ಹೇಗೆ? ವಿಜ್ಞಾನಿಗಳು ಹಾಲಿಗೆ ಒಂದಿಷ್ಟು ಬಣ್ಣ ಬೆರೆಸಿದರು. ಬಣ್ಣದ ಹಾಲು ಸೊಂಡಿಲ ಕೆಳಗೆ, ಹೊಟ್ಟೆಯ ಮೇಲೆ, ಪೀಠದವರೆಗೆ ಗೆರೆಯಾಗಿ ಇಳಿದದ್ದು ಕಾಣಿಸಿತು. ಅಷ್ಟೇ ಪ್ರಯೋಗ. ಯಾವ ಮನೆಯಲ್ಲಿ ಬೇಕಾದರೂ ಮಾಡಿ ನೋಡಬಹುದು, ಆನೆಮುಖದ ವಿಗ್ರಹವೇ ಬೇಕಾಗಿಲ್ಲ. ಆವತ್ತು 'ಇರಬಹುದು, ನಮಗೇನು ಗೊತ್ತು' ಎಂದು ಸುಮ್ಮನಿದ್ದ ಓದಿದವರು ಸಾವಿರಾರು ಮಂದಿ. ಚಮಚವೂ ಹಾಲೂ ಕೈಯಲ್ಲಿ ಇದ್ದಾಗ ಆಡಿದ ಆ ಮಾತನ್ನು ನಾನು ಅಜ್ಞೇಯವಾದ ಎನ್ನಲಾರೆ. ಅದು ಸೋಮಾರಿತನ.

ಹುಡುಕಿ ನೋಡಿದರೆ ಇರುವುದೆಲ್ಲ ಕರಗಿಹೋಗುತ್ತದೆ ಎಂಬ ಭಯ ಅನೇಕ ಭಕ್ತರಲ್ಲಿದೆ. ಹಾಗಾಗಬೇಕೆಂದಿಲ್ಲ. ನ್ಯಾಷನಲ್ ಕಾಲೇಜಿನಿಂದ ಸ್ವಲ್ಪ ದೂರದಲ್ಲಿ ಗವಿಪುರವಿದೆ. ಅಲ್ಲಿಯ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಮಕರ ಸಂಕ್ರಾಂತಿಯ ಸಂಜೆ ಇಳಿಬಿಸಿಲು ನಂದಿಯ ಕೊಂಬುಗಳ ನಡುವೆ ಹಾದು ಒಳಗಿನ ಲಿಂಗದ ಮೇಲೆ ಬೀಳುತ್ತದೆ. ಆ ಹೊತ್ತಿಗೆ ಕಾದು ನಿಲ್ಲುವ ಜನಸಂದಣಿ ಪತ್ರಿಕೆಗಳಲ್ಲಿ ಪ್ರತಿವರ್ಷ ಬರುತ್ತದೆ. ಖಗೋಳ ಬಲ್ಲವರು ಇದನ್ನೂ ಲೆಕ್ಕ ಹಾಕಿ ನೋಡಿದ್ದಾರೆ. ಸೂರ್ಯ ಡಿಸೆಂಬರ್ 21ರ ಸುಮಾರಿಗೆ ತೆಂಕಣದ ತುದಿ ಮುಟ್ಟಿ ಹಿಂದಿರುಗುತ್ತಾನೆ. ಹಾಗಾಗಿ ಜನವರಿ 14ರಂದು ಎಲ್ಲಿ ಮುಳುಗುತ್ತಾನೋ ನವೆಂಬರ್ ಕೊನೆಯಲ್ಲೂ ಸರಿಸುಮಾರು ಅಲ್ಲೇ ಮುಳುಗುತ್ತಾನೆ. ಅಂದರೆ ಆ ಬೆಳಕು ವರ್ಷಕ್ಕೆ ಎರಡು ಸಲ ಲಿಂಗವನ್ನು ತಲುಪುತ್ತದೆ. ನವೆಂಬರಿನ ಆ ಸಂಜೆಗಳಲ್ಲಿ ಕ್ಯಾಮೆರಾಗಳಿಲ್ಲ, ಸರತಿಯ ಸಾಲಿಲ್ಲ, ಬೆಳಕು ಮಾತ್ರ ಬಂದು ಹೋಗುತ್ತದೆ. ಲೆಕ್ಕ ಗೊತ್ತಾದ ಮೇಲೆ ಆ ಗುಡಿಯ ಮೇಲಿನ ನನ್ನ ಗೌರವ ಹೆಚ್ಚಿತು. ಭಕ್ತನಿಗೂ ಖಗೋಳಜ್ಞನಿಗೂ ಅಲ್ಲಿ ನಿಲ್ಲಲು ಜಾಗವಿದೆ.

ನಂಬುವವರು ಪರೀಕ್ಷೆಯನ್ನೇ ಮಾಡುವುದಿಲ್ಲ ಎಂದು ತಿಳಿಯಬೇಡಿ. ನಮ್ಮ ಹಳ್ಳಿಗಳ ಗುಡಿಗಳಲ್ಲಿ ದೇವರ ಹತ್ತಿರ ಪ್ರಸಾದ ಕೇಳುವ ಪದ್ಧತಿ ನೋಡಿ. ಮೂರ್ತಿಗೆ ಒದ್ದೆ ಹೂವುಗಳನ್ನು ಅಂಟಿಸಿರುತ್ತಾರೆ. ಕೊಳವೆಬಾವಿ ಕೊರೆಸಲೆ, ಮಗಳನ್ನು ಈ ಮನೆಗೆ ಕೊಡಲೆ ಎಂದು ಮನಸ್ಸಿನಲ್ಲಿ ಕೇಳಿಕೊಂಡು ಕಾಯುತ್ತಾರೆ. ಬಲಕ್ಕೆ ಹೂ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಬೇಡ. ಎಡಕ್ಕೆ ಬಿದ್ದಾಗ ಎಲ್ಲರೂ ಸುಮ್ಮನೆ ಎದ್ದು ಹೋಗುವುದಿಲ್ಲ. ಕೇಳಿದ್ದು ಸರಿಯಾಗಲಿಲ್ಲವೇನೋ ಎಂದು ಪ್ರಶ್ನೆಯನ್ನು ಬದಲಿಸುತ್ತಾರೆ, ಇನ್ನೊಂದು ವಾರ ಬರುತ್ತಾರೆ, ಬೇರೆ ದೇವರ ಬಳಿ ಹೋಗುತ್ತಾರೆ. ಇದನ್ನು ಕಂಡು ನಗುವವರ ಜೊತೆ ನಾನಿಲ್ಲ. ಆ ಮನುಷ್ಯನ ಒಳಗೆ ನಂಬಿಕೆ, ಸಂಶಯ ಎರಡೂ ಒಟ್ಟಿಗೆ ಸಂಸಾರ ಮಾಡುತ್ತಿವೆ. ಸಾಲ ಮಾಡಿ ಬಾವಿ ಕೊರೆಸಬೇಕಾದವನಿಗೆ ಭೂಮಿಯ ಒಳಗಿನ ನೀರು ಕಾಣುವುದಿಲ್ಲ. ಯಾರಾದರೂ ಹೇಳಲಿ ಎಂದು ಅವನು ಹಂಬಲಿಸುತ್ತಾನೆ. ಮಳೆ ಬೆಳೆ ಕೈಕೊಟ್ಟವನ ಈ ಹಂಬಲವನ್ನು ಅರಿಯದೆ ಮೂಢನಂಬಿಕೆಯ ಬಗ್ಗೆ ಭಾಷಣ ಮಾಡುವುದು ಸುಲಭ.

ಈಗ ಪರೀಕ್ಷೆಗೆ ಸಿಗದ ಪ್ರಶ್ನೆಗೆ ಬರೋಣ. ಅದರ ಎದುರು ಪ್ರಾಮಾಣಿಕವಾಗಿ ನಿಲ್ಲುವುದೆಂದರೆ ಏನು ಎಂಬುದಕ್ಕೆ ಥಾಮಸ್ ಹೆನ್ರಿ ಹಕ್ಸ್‌ಲಿ 1860ರ ಸೆಪ್ಟೆಂಬರ್ 23ರಂದು ಬರೆದ ಪತ್ರಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಹಕ್ಸ್‌ಲಿ ಇಂಗ್ಲೆಂಡಿನ ಜೀವವಿಜ್ಞಾನಿ. ಆ ವರ್ಷದ ಜೂನ್‌ನಲ್ಲಿ ಆಕ್ಸ್‌ಫರ್ಡಿನ ಸಭೆಯಲ್ಲಿ ಬಿಷಪ್ ವಿಲ್ಬರ್‌ಫೋರ್ಸ್ ಅವರೆದುರು ಡಾರ್ವಿನ್ನನ ಪರ ವಾದಿಸಿ ಹೆಸರಾಗಿದ್ದ. ಸೆಪ್ಟೆಂಬರಿನಲ್ಲಿ ಅವನ ಹಿರಿಯ ಮಗ ನೋಯೆಲ್, ಇನ್ನೂ ನಾಲ್ಕು ತುಂಬದ ಕೂಸು, ಸ್ಕಾರ್ಲೆಟ್ ಜ್ವರ ಬಂದು ತೀರಿಕೊಂಡಿತು. ಪಾದ್ರಿಯೂ ಕಾದಂಬರಿಕಾರನೂ ಆಗಿದ್ದ ಚಾರ್ಲ್ಸ್ ಕಿಂಗ್ಸ್‌ಲಿ ಸಾಂತ್ವನದ ಪತ್ರ ಬರೆದ. ಅದಕ್ಕೆ ಹಕ್ಸ್‌ಲಿ ಕೊಟ್ಟ ಉತ್ತರ ಉದ್ದವಾಗಿದೆ. ಸತ್ತ ಮೇಲೆ ಮನುಷ್ಯ ಉಳಿಯುತ್ತಾನೆ ಎಂಬುದನ್ನು ತಾನು ಒಪ್ಪುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ನಂಬಲು ಕಾರಣ ಕಾಣುತ್ತಿಲ್ಲ, ಸುಳ್ಳೆಂದು ತೋರಿಸುವ ಸಾಧನವೂ ಇಲ್ಲ ಎನ್ನುತ್ತಾನೆ. ತನಗೆ ಅತ್ಯಂತ ಬೇಕಾಗಿರುವ ಸಂಗತಿ ಅದು, ಬೇಕಾಗಿದೆ ಎಂಬ ಕಾರಣಕ್ಕೇ ಅದನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು ಎಂಬುದು ಅವನ ನಿಲುವು.

ಆ ಪತ್ರದಲ್ಲಿ ಒಂದು ಕಡೆ ಅವನ ಸಿಟ್ಟು ಕಾಣುತ್ತದೆ. ಮಗುವನ್ನು ಮಣ್ಣು ಮಾಡುವಾಗ ಪಾದ್ರಿ ಓದಿದ ಪಾಠದಲ್ಲಿ, ಸತ್ತವರು ಮರಳಿ ಏಳುವುದಿಲ್ಲವೆಂದಾದರೆ ತಿಂದು ಕುಡಿದು ಕಾಲ ಕಳೆಯೋಣ ಎಂಬ ಅರ್ಥದ ಮಾತು ಬಂತು. ಮಗನ ಪೆಟ್ಟಿಗೆಯ ಮುಂದೆ ನಿಂತಿದ್ದ ತಂದೆಗೆ ಅದು ಸಹಿಸಲಾಗಲಿಲ್ಲ. ಮರಿ ಸತ್ತರೆ ಕೋತಿಯೂ ದುಃಖಪಡುತ್ತದೆ, ಕೂಡಲೇ ಹೊಟ್ಟೆ ತುಂಬಿಸಿಕೊಳ್ಳಲು ಓಡುವುದಿಲ್ಲ. ಪರಲೋಕದ ಭರವಸೆಯಿಲ್ಲದಿದ್ದರೆ ಮನುಷ್ಯ ಅದಕ್ಕಿಂತ ಕೀಳಾಗಬೇಕೆ ಎಂದು ಅವನು ಕೇಳುತ್ತಾನೆ. ದೇವರ ಭಯವಿಲ್ಲದಿದ್ದರೆ ಜನ ಕೆಟ್ಟುಹೋಗುತ್ತಾರೆ ಎಂದು ನಮ್ಮ ಮನೆಗಳಲ್ಲೂ ಹೇಳುತ್ತೇವಲ್ಲ, ಆ ಮಾತಿಗೆ ಇದಕ್ಕಿಂತ ನೇರವಾದ ಉತ್ತರವನ್ನು ನಾನು ಓದಿಲ್ಲ. ಹಕ್ಸ್‌ಲಿ ತನ್ನ ಈ ನಿಲುವಿಗೆ ಅಜ್ಞೇಯವಾದ ಎಂಬರ್ಥದ ಹೆಸರಿಟ್ಟದ್ದು 1869ರಲ್ಲಿ. ಅದನ್ನು ಬಾಳಿದ್ದು ಅದಕ್ಕೂ ಒಂಬತ್ತು ವರ್ಷ ಮೊದಲು, ಮಗನ ಸಮಾಧಿಯ ಬಳಿ.

ನಮ್ಮಲ್ಲಿ ಈ ಪ್ರಶ್ನೆಯನ್ನು ಪಟ್ಟಾಗಿ ಹಿಡಿದು ಕೂತವರು ಎ.ಎನ್. ಮೂರ್ತಿರಾಯರು. ಅಕ್ಕಿಹೆಬ್ಬಾಳಿನವರು, 1900ರಲ್ಲಿ ಹುಟ್ಟಿದವರು, ಮೈಸೂರಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದವರು, 'ಹಗಲುಗನಸುಗಳು' ಬರೆದು ಲಲಿತ ಪ್ರಬಂಧಕ್ಕೆ ಕನ್ನಡದಲ್ಲಿ ನೆಲೆ ಕೊಟ್ಟವರು. ಅವರ 'ದೇವರು' ಪುಸ್ತಕ 1991ರಲ್ಲಿ ಹೊರಬಂತು. ತೊಂಬತ್ತು ದಾಟಿದ ಮೇಲೆ ಹೆಚ್ಚಿನವರು ರಾಮಕೋಟಿ ಬರೆಯುತ್ತಾರೆ. ಇವರು ಸರ್ವಶಕ್ತನೂ ಕರುಣಾಮಯಿಯೂ ಆದ ದೇವರಿದ್ದರೆ ಲೋಕದಲ್ಲಿ ಇಷ್ಟು ನೋವು ಏಕಿದೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಜನಸಾಮಾನ್ಯರ ಕಲ್ಪನೆಯ ಆ ದೇವರನ್ನು ತಾವು ಒಪ್ಪಲಾರೆವು ಎಂದು ಬರೆದರು. ಆ ಪುಸ್ತಕಕ್ಕೆ ಪಂಪ ಪ್ರಶಸ್ತಿ ಬಂತು. ಅವರು 2003ರವರೆಗೆ ಬದುಕಿದ್ದರು. ಅವರ ವಾದ ಹೊಸದಲ್ಲ. ಬುದ್ಧನ ಕಾಲದಿಂದಲೂ ಅದು ಇದೆ. ಹೊಸದೆನಿಸುವುದು ದನಿ. ಎಲ್ಲೂ ಗದರಿಕೆಯಿಲ್ಲ, ಓದುಗನನ್ನು ಜಗುಲಿಯ ಮೇಲೆ ಕೂರಿಸಿಕೊಂಡು ಮಾತಾಡಿದಂತಿದೆ. ದೇವರನ್ನು ಒಪ್ಪದ ಪುಸ್ತಕವನ್ನು ದೇವರ ಮನೆಯುಳ್ಳವರೂ ಕೊಂಡು ಓದಿದ ಕನ್ನಡ ಸಮಾಜವಿತ್ತು ಎಂಬುದನ್ನು ಈ ಸಭೆಯಲ್ಲಿ ಅಭಿಮಾನದಿಂದ ಹೇಳುತ್ತೇನೆ.

ಶಿವರಾಮ ಕಾರಂತರ ದಾರಿ ಬೇರೆ. 1968ರ 'ಮೂಕಜ್ಜಿಯ ಕನಸುಗಳು' ಕಾದಂಬರಿಯಲ್ಲಿ ಅವರು ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡ ಒಬ್ಬ ಮುದುಕಿಯನ್ನು ತಂದು ಕೂರಿಸಿದರು. ವಸ್ತುವನ್ನು ಮುಟ್ಟಿದರೆ ಅದರ ಹಿಂದಿನ ಕಾಲ ಅವಳ ಕಣ್ಣಿಗೆ ಕಾಣುತ್ತದೆ. ಅತಿಮಾನುಷವನ್ನು ಒಪ್ಪದ ಲೇಖಕ ಇಂಥ ಶಕ್ತಿಯನ್ನು ಪಾತ್ರಕ್ಕೆ ಕೊಟ್ಟರಲ್ಲ ಎಂದು ವಿದ್ಯಾರ್ಥಿಗಳು ಪ್ರತಿವರ್ಷ ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ ಅದು. ನನ್ನ ಉತ್ತರ ಇದು: ಆ ಶಕ್ತಿಯಿಂದ ಅಜ್ಜಿ ಒಂದು ಸಲವೂ ಪವಾಡ ಮಾಡುವುದಿಲ್ಲ. ಅವಳು ಕಾಣುವುದು ಚರಿತ್ರೆಯನ್ನು. ಒಂದು ಕಾಲದ ಜನ ಒಂದು ದೇವರನ್ನು ಮಾಡಿಕೊಂಡರು, ಮುಂದೆ ಬಂದವರು ಅದನ್ನು ಬದಿಗೆ ಸರಿಸಿ ಇನ್ನೊಂದನ್ನು ತಂದರು ಎಂಬುದು ಅವಳ ಕಣ್ಣಿಗೆ ಬೀಳುತ್ತದೆ. ಮೊಮ್ಮಗ ಸುಬ್ಬರಾಯನ ಎದುರು ಆಡುವ ಮಾತಿನಲ್ಲಿ ಅವಳು ಯಾರ ದೇವರನ್ನೂ ಒಡೆಯುವುದಿಲ್ಲ, ಯಾವುದಕ್ಕೂ ಪಟ್ಟ ಕಟ್ಟುವುದಿಲ್ಲ. ಮಡಿಯುಟ್ಟ ವಿಧವೆಯ ಬಾಯಲ್ಲಿ ಈ ಮಾತುಗಳನ್ನು ಆಡಿಸಿದ್ದು ಕಾರಂತರ ದೊಡ್ಡ ಸಾಹಸ.

ಇಲ್ಲಿ ಒಂದು ತಪ್ಪು ಗ್ರಹಿಕೆಯನ್ನು ತಿದ್ದಬೇಕು. ಹಳೆಯ ಕನ್ನಡದಲ್ಲಿ ಪ್ರಶ್ನೆ ಕೇಳಿದವರನ್ನೆಲ್ಲ ನಮ್ಮ ಪಂಗಡಕ್ಕೆ ಸೇರಿಸಿಕೊಳ್ಳುವ ಚಪಲ ನಮಗಿದೆ. ಬಸವಣ್ಣನವರು ಕಲ್ಲು ಮಣ್ಣಿನ ದೈವಗಳನ್ನು ಹಂಗಿಸಿದ್ದು ನಿಜ, ಆದರೆ ಅವರು ಕೂಡಲಸಂಗಮನಿಗೆ ತಮ್ಮನ್ನು ಪೂರ್ತಿ ಒಪ್ಪಿಸಿಕೊಂಡ ಭಕ್ತರು. ಹನ್ನೆರಡನೆಯ ಶತಮಾನದ ಬ್ರಹ್ಮಶಿವ 'ಸಮಯಪರೀಕ್ಷೆ' ಬರೆದು ಅನ್ಯಮತಗಳ ಆಚಾರಗಳನ್ನು, ಊರೂರಿನ ಮೂಢನಂಬಿಕೆಗಳನ್ನು ತರಾಟೆಗೆ ತೆಗೆದುಕೊಂಡ; ತನ್ನ ಜೈನಮತವನ್ನು ಅದೇ ಒರೆಗಲ್ಲಿಗೆ ಹಚ್ಚಲಿಲ್ಲ. ಬ್ರಹ್ಮಶಿವನ ಈ ದೋಷ ಇವತ್ತಿಗೂ ಜೀವಂತವಾಗಿದೆ. ಪಕ್ಕದ ಮನೆಯವರ ದೇವರ ವಿಷಯದಲ್ಲಿ ನಾವೆಲ್ಲ ವಿಚಾರವಾದಿಗಳೇ.

ಅಜ್ಞೇಯವಾದಿಗಳೆಂದು ಹೇಳಿಕೊಳ್ಳುವವರ ದೋಷ ಇನ್ನೊಂದು ಬಗೆಯದು. ಬುದ್ಧನ ಕಾಲದಲ್ಲಿ ಸಂಜಯ ಬೇಲಟ್ಠಿಪುತ್ತ ಎಂಬ ಆಚಾರ್ಯನಿದ್ದ. ಪರಲೋಕವಿದೆಯೆ ಎಂದರೆ ಹಾಗೆನ್ನಲಾರೆ, ಇಲ್ಲವೆ ಎಂದರೆ ಹಾಗೂ ಎನ್ನಲಾರೆ ಎನ್ನುತ್ತಿದ್ದ; ಒಳ್ಳೆಯ ಕೆಟ್ಟ ಕೆಲಸಗಳಿಗೆ ಫಲವಿದೆಯೆ ಎಂದು ಕೇಳಿದರೂ ಅದೇ ಉತ್ತರ. ಬೌದ್ಧ ಗ್ರಂಥಗಳು ಇಂಥವರನ್ನು ಕೈಗೆ ಸಿಗದೆ ಜಾರುವ ಹಾವುಮೀನಿಗೆ ಹೋಲಿಸಿವೆ. ಬುದ್ಧನೂ ಲೋಕಕ್ಕೆ ಅಂತ್ಯವಿದೆಯೆ ಎಂಬಂಥ ಪ್ರಶ್ನೆಗಳಿಗೆ ಉತ್ತರ ಕೊಡಲಿಲ್ಲ. ಆದರೆ ಮಾಲುಂಕ್ಯಪುತ್ತನಿಗೆ ಅವನು ಕಾರಣ ಹೇಳಿದ: ವಿಷದ ಬಾಣ ನೆಟ್ಟವನು ಬಾಣ ಬಿಟ್ಟವನ ಕುಲಗೋತ್ರ ತಿಳಿಯುವವರೆಗೆ ಕಾಯಬಾರದು, ಮೊದಲು ಬಾಣ ಕೀಳಿಸಿಕೊಳ್ಳಬೇಕು. ಒಬ್ಬನು ಉತ್ತರಿಸದೆ ಉಳಿದದ್ದು ನುಣುಚಿಕೊಳ್ಳಲು, ಇನ್ನೊಬ್ಬನು ಉತ್ತರಿಸದೆ ಉಳಿದದ್ದು ನೋವಿನ ಕಡೆ ಕೈಚಾಚಲು.

ವಿಷದ ಮಾತು ಬಂದದ್ದರಿಂದ ಹಾವಿನ ಕಡಿತವನ್ನೇ ತೆಗೆದುಕೊಳ್ಳುತ್ತೇನೆ. ನಮ್ಮ ಹಳ್ಳಿಗಳಲ್ಲಿ ಹಾವು ಕಚ್ಚಿದವರನ್ನು ಈಗಲೂ ಮಂತ್ರ ಹಾಕುವವರ ಬಳಿಗೆ ಒಯ್ಯುವುದುಂಟು. ಮಂತ್ರದಿಂದ ಬದುಕಿದವರನ್ನು ಕಣ್ಣಾರೆ ಕಂಡಿದ್ದೇವೆ ಎಂದು ಊರವರು ಹೇಳಿದರೆ ಅದೂ ಸುಳ್ಳಲ್ಲ. ಕಚ್ಚುವ ಹಾವುಗಳಲ್ಲಿ ವಿಷವಿಲ್ಲದವೇ ಬಹಳ. ವಿಷದ ಹಾವು ಕೂಡ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಹೇಗೂ ಬದುಕುತ್ತಾರೆ, ಹೆಸರು ಮಂತ್ರಕ್ಕೆ ಬರುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಇವುಗಳ ವಿಷ ನಿಜವಾಗಿ ಮೈಗೇರಿದಾಗ ಅದನ್ನು ಮುರಿಯುವುದು ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷದ ಚುಚ್ಚುಮದ್ದು ಒಂದೇ. ಕಟ್ಟುಹಾವು ರಾತ್ರಿ ಮಲಗಿದವರನ್ನು ಕಚ್ಚಿದರೆ ಗಾಯದ ಗುರುತೂ ಸರಿಯಾಗಿ ಕಾಣುವುದಿಲ್ಲ, ಹೊತ್ತು ಕಳೆದಂತೆ ಉಸಿರು ಕಟ್ಟುತ್ತದೆ. ಆ ಹೊತ್ತಿನಲ್ಲಿ ಮಂತ್ರದಲ್ಲೂ ಏನೋ ಇರಬಹುದು ಎನ್ನುವ ವಿದ್ಯಾವಂತನ ಔದಾರ್ಯ ಒಂದು ಮಗುವಿನ ಪ್ರಾಣ ತೆಗೆಯುತ್ತದೆ. ಬಾನಾಮತಿ ಮಾಡಿಸಿದಳು ಎಂದು ಊರೊಟ್ಟಾಗಿ ಒಬ್ಬ ಹೆಂಗಸಿನ ಮೇಲೆ ಬೆರಳು ತೋರಿಸುವಾಗಲೂ ಇದೇ ಮಾತು. ಅಲ್ಲಿ ಸುಮ್ಮನಿದ್ದವನು ಹೊಡೆಯುವವರ ಪಾಳೆಯದಲ್ಲೇ ಇದ್ದಾನೆ.

ಕರ್ನಾಟಕದಲ್ಲಿ 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯಿದೆ ಬಂತು, 2020ರಲ್ಲಿ ಜಾರಿಯಾಯಿತು. ಜ್ಯೋತಿಷ್ಯ, ವಾಸ್ತು ಸಲಹೆಗಳನ್ನು ಅದು ಮುಟ್ಟಲಿಲ್ಲ ಎಂಬ ಆಕ್ಷೇಪ ಇದೆ. ಮೈಗೆ ಗಾಯ ಮಾಡುವುದನ್ನು, ಮಾನ ಕಳೆಯುವುದನ್ನು ಮೊದಲು ತಡೆಯಲಿ ಎಂಬುದು ನನ್ನ ಅಭಿಪ್ರಾಯ. ನಂಬಿಕೆಯನ್ನು ಪೊಲೀಸರ ಕೈಗೆ ಕೊಡಬಾರದು. ಅದು ಪ್ರಶ್ನೆಯಿಂದ, ಮಾತಿನಿಂದ, ಪುಸ್ತಕದಿಂದ ಆಗಬೇಕಾದ ಕೆಲಸ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯವೆಂದು ನಮ್ಮ ಸಂವಿಧಾನದ 51ಎ ವಿಧಿಯಲ್ಲಿ ಸೇರಿಸಿದ್ದು 1976ರಲ್ಲಿ, ನರಸಿಂಹಯ್ಯನವರ ಸಮಿತಿ ಹುಟ್ಟಿದ ವರ್ಷದಲ್ಲೇ. ಈ ಕರ್ತವ್ಯವನ್ನು ಮಾಡಹೊರಟ ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಕ್ಕಿ ಕೊಂದರು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಕೊಂದರು. ಕಲಬುರ್ಗಿಯವರು ಬದುಕಿಡೀ ಮಾಡಿದ್ದು ಹಸ್ತಪ್ರತಿ, ಶಾಸನ, ವಚನಗಳ ಸಂಶೋಧನೆ. ಅವರ ನಿರ್ಣಯಗಳನ್ನು ಒಪ್ಪದವರು ಲೇಖನ ಬರೆದು ಖಂಡಿಸಬಹುದಿತ್ತು. ಕನ್ನಡದಲ್ಲಿ ಅದಕ್ಕೆ ದೊಡ್ಡ ಪರಂಪರೆಯೇ ಇದೆ.

ಆದ್ದರಿಂದ ಈ ಕಾಲೇಜಿನ ಆಡಳಿತದವರಲ್ಲಿ, ಈ ಉಪನ್ಯಾಸಕ್ಕೆ ದತ್ತಿ ಇಟ್ಟ ಕುಟುಂಬದವರಲ್ಲಿ ನನ್ನದೊಂದು ಕೋರಿಕೆ. ಇಂಥ ಉಪನ್ಯಾಸಗಳು ಭಾಷಣ, ಹಾರ, ವಂದನಾರ್ಪಣೆ ಎಂದು ಮುಗಿದುಹೋಗುತ್ತವೆ. ಇನ್ನು ಮುಂದೆ ಪ್ರತಿವರ್ಷ ಉಪನ್ಯಾಸದಷ್ಟೇ ಹೊತ್ತನ್ನು ಪ್ರಶ್ನೆಗಳಿಗೂ ಮೀಸಲಿಡಿ, ಪುಸ್ತಕ ಅಚ್ಚು ಮಾಡುವಾಗ ಆ ಪ್ರಶ್ನೆಗಳನ್ನೂ ಸೇರಿಸಿ. ಇವತ್ತಿನಿಂದಲೇ ಅದು ಶುರುವಾಗಲಿ, ವಂದನಾರ್ಪಣೆ ಸ್ವಲ್ಪ ತಡವಾದರೆ ಆಗಲಿ. ನಾನು ಹೇಳಿದ್ದನ್ನು ಒಪ್ಪದವರು, ದೇವರನ್ನು ನಂಬುವವರು, ದಯವಿಟ್ಟು ಮೊದಲು ಎದ್ದು ಕೇಳಿ.